ಟ್ರೇಲರ್ ಎಳೆಯುವ ಹೆವಿ ಡ್ಯೂಟಿ ಪಿಕಪ್‌ಗೆ ಮೊದಲು ಏನನ್ನು ಹಾಕಿಸಬೇಕು?

ಓದುಗರ ಪ್ರಶ್ನೆ: ನನ್ನ ಬಳಿ ಡೀಸೆಲ್ ಎಂಜಿನ್ನಿನ ಹೆವಿ ಡ್ಯೂಟಿ ಪಿಕಪ್ ಇದೆ. ಸುಮಾರು 3,200 ಕಿಲೋ ತೂಗುವ ಕ್ಯಾಂಪಿಂಗ್ ಟ್ರೇಲರನ್ನು ಅದರಿಂದ ಎಳೆಯುತ್ತೇನೆ. ರಜೆ ಸಿಕ್ಕಾಗಲೆಲ್ಲ ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ನಾಲ್ಕೈದು ದಿನ ಹೊರಗೆ ಉಳಿಯುತ್ತೇವೆ. ಟ್ರೇಲರ್ ಸಿಕ್ಕಿಸಿದ ಕೂಡಲೇ ಗಾಡಿಯ ಹಿಂಭಾಗ ಕುಸಿಯುತ್ತದೆ. ಒಬ್ಬರು ಹಿಂದಿನ ಸ್ಪ್ರಿಂಗಿಗೆ ಆಸರೆಯಾಗುವ ಗಾಳಿಚೀಲ, ಅಂದರೆ ಏರ್ ಬ್ಯಾಗ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಮತ್ತು ದೊಡ್ಡ ಟೈರ್ ಎನ್ನುತ್ತಾರೆ, ಮತ್ತೊಬ್ಬರು ಶಕ್ತಿ ಹೆಚ್ಚುವಂತೆ ಎಂಜಿನ್ ಟ್ಯೂನ್ ಮಾಡಿಸಿ ಎನ್ನುತ್ತಾರೆ. ಎಲ್ಲವನ್ನೂ ಒಟ್ಟಿಗೆ ಮಾಡಿಸುವಷ್ಟು ಹಣವಿಲ್ಲ. ಎಲ್ಲಿಂದ ಆರಂಭಿಸಲಿ?

ಉತ್ತರ: ಇಡೀ ವಾಹನವನ್ನು ತೂಗುವ ವೇ ಬ್ರಿಡ್ಜ್‌ನಿಂದ ಆರಂಭಿಸಿ. ನಿಮ್ಮ ಗಾಡಿಗೆ ಏನು ಬೇಕು ಎಂಬುದನ್ನು ಅಲ್ಲಿ ಸಿಗುವ ಚೀಟಿಯಷ್ಟು ಖಚಿತವಾಗಿ ಬೇರೆ ಯಾರೂ ಹೇಳಲಾರರು. ನಿಮಗೆ ಸಲಹೆ ಕೊಟ್ಟ ಮೂವರೂ ಗಾಡಿ ಹೊರುವ ತೂಕವನ್ನು ಕೇಳಿಲ್ಲ ಎಂಬುದೇ ನನಗೆ ಚಿಂತೆಯ ವಿಷಯವಾಗಿ ಕಂಡಿತು. ಪಿಕಪ್‌ಗೆ ಹಾಕಿಸುವ ಬಹುಪಾಲು ಸಲಕರಣೆಗಳು ಅದರ ಹೊರುವ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ತಮ್ಮ ತೂಕದಿಂದ ಅದನ್ನು ಕಡಿಮೆ ಮಾಡುತ್ತವೆ.

ಇಲ್ಲಿ ಎರಡು ಮಿತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಗಾಡಿ ಎಷ್ಟು ಎಳೆಯಬಲ್ಲದು ಎಂಬುದು ಒಂದು, ತನ್ನ ಬೆನ್ನ ಮೇಲೆ ಎಷ್ಟು ಹೊರಬಲ್ಲದು ಎಂಬುದು ಇನ್ನೊಂದು. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಮೊದಲನೆಯದು. ಅಮೆರಿಕದ ತಯಾರಕರು ಅನುಸರಿಸುವ, ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇಯ ಜೆ2807 ಮಾನದಂಡದಲ್ಲಿ ಆ ಅಂಕಿಯನ್ನು ನಿರ್ಧರಿಸುವಾಗ ಗಾಡಿಯಲ್ಲಿ ಚಾಲಕ ಮತ್ತು ಒಬ್ಬ ಪ್ರಯಾಣಿಕ ಮಾತ್ರ ಇರುತ್ತಾರೆ, ತಲಾ ಸುಮಾರು 68 ಕಿಲೋ ಲೆಕ್ಕದಲ್ಲಿ. ನಿಮ್ಮ ಇಬ್ಬರು ಮಕ್ಕಳು, ಫ್ರಿಜ್, ನೀರಿನ ಕ್ಯಾನುಗಳು ಆ ಲೆಕ್ಕದಲ್ಲಿಲ್ಲ. ಹೀಗಾಗಿ ಕ್ಯಾಂಪಿಂಗ್‌ಗೆ ಹೋಗುವ ಕುಟುಂಬದ ಗಾಡಿ ಎಳೆಯುವ ಮಿತಿಯನ್ನು ಮುಟ್ಟುವ ಬಹಳ ಮೊದಲೇ ಹೊರುವ ಮಿತಿಯನ್ನು, ಅಂದರೆ ಪೇಲೋಡನ್ನು ದಾಟಿಬಿಡುತ್ತದೆ. ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್ನಿಗಿಂತ ಭಾರವಾದ್ದರಿಂದ, ಒಟ್ಟು ತೂಕದ ಮಿತಿ ಒಂದೇ ಇರುವ ಎರಡು ಗಾಡಿಗಳಲ್ಲಿ ಡೀಸೆಲ್ ಗಾಡಿಯ ಪೇಲೋಡ್ ಕಡಿಮೆಯೇ ಇರುತ್ತದೆ ಎಂಬುದನ್ನೂ ನೆನಪಿಡಿ.

ಒಂದು ಲೆಕ್ಕ ಹಾಕಿ ನೋಡೋಣ. ಟ್ಯಾಂಕು ತುಂಬಿಸಿದ ನಿಮ್ಮ ಗಾಡಿ ಇನ್ನೂ 1,100 ಕಿಲೋ ಹೊರಬಹುದು ಎಂದುಕೊಳ್ಳಿ. ನಾಲ್ವರು ಕುಳಿತರೆ ಸುಮಾರು 250 ಕಿಲೋ. ಹಿಂದಿನ ತೊಟ್ಟಿಯ ಮೇಲೆ ಕೂರಿಸುವ ಕ್ಯಾನೊಪಿ 90, ಒಳಗಿನ ಡ್ರಾಯರುಗಳು 80, ಮೇಲಿನ ರೂಫ್ ಟೆಂಟ್ 70, ತುಂಬಿದ ಫ್ರಿಜ್ 40, ಎರಡನೇ ಬ್ಯಾಟರಿ ಮತ್ತದರ ವೈರಿಂಗ್ 30, ಅರವತ್ತು ಲೀಟರ್ ನೀರು 60. ಇಷ್ಟಕ್ಕೇ 620 ಕಿಲೋ ಆಯಿತು. ಈಗ ಟ್ರೇಲರ್ ಸಿಕ್ಕಿಸಿ. ಚೆಂಡಿನ ಹಿಚ್‌ನಲ್ಲಿ, ಅಂದರೆ ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿಯಲ್ಲಿ ಎಳೆಯುವ ಟ್ರೇಲರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಭಾರ ಗಾಡಿಯ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ಹಾವಿನಂತೆ ಅತ್ತಿತ್ತ ಓಲಾಡಲು ತೊಡಗುತ್ತದೆ. ಶೇಕಡಾ 12 ಎಂದರೂ 3,200 ಕಿಲೋದ ಟ್ರೇಲರಿನಿಂದ 384 ಕಿಲೋ ಬರುತ್ತದೆ. ಒಟ್ಟು 1,004. ಉಳಿದದ್ದು 96 ಕಿಲೋ, ಅದರಲ್ಲೇ ಬಟ್ಟೆಬರೆ, ಒಲೆ, ಕುರ್ಚಿಗಳು, ಹಿಚ್‌ನ ಸ್ವಂತ ತೂಕ ಎಲ್ಲವೂ ಹಿಡಿಯಬೇಕು. ಮುಂದೆ ಉಕ್ಕಿನ ಬಂಪರ್ ಮತ್ತು ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್ ಕೂರಿಸಬೇಕೆಂದು ಯಾರಾದರೂ ಹೇಳಿದರೆ, ನೂರು ಕಿಲೋಗೂ ಮೀರಿದ ಆ ಭಾರಕ್ಕೆ ಇಲ್ಲಿ ಜಾಗವೇ ಉಳಿದಿಲ್ಲ.

ಆದ್ದರಿಂದ ಪ್ರವಾಸಕ್ಕೆ ಹೊರಡುವ ದಿನ ಇರುವಂತೆಯೇ ಎಲ್ಲವನ್ನೂ ತುಂಬಿಕೊಂಡು, ಮನೆಯವರನ್ನೆಲ್ಲ ಕೂರಿಸಿಕೊಂಡು ವೇ ಬ್ರಿಡ್ಜ್‌ಗೆ ಹೋಗಿ. ಟ್ರೇಲರ್ ಇಲ್ಲದೆ ಮುಂದಿನ ಆಕ್ಸಲ್ ಒಮ್ಮೆ, ಇಡೀ ಗಾಡಿ ಒಮ್ಮೆ ತೂಗಿಸಿ. ನಂತರ ಟ್ರೇಲರ್ ಸಿಕ್ಕಿಸಿ, ಅದರ ಗಾಲಿಗಳನ್ನು ತಟ್ಟೆಯಿಂದ ಹೊರಗೇ ಇರಿಸಿ, ಅದೇ ಎರಡು ತೂಕಗಳನ್ನು ಮತ್ತೆ ಹಿಡಿಯಿರಿ. ಬಂದ ಅಂಕಿಗಳನ್ನು ಚಾಲಕನ ಬಾಗಿಲ ಬಳಿ ಅಂಟಿಸಿರುವ ಫಲಕದಲ್ಲಿನ ಒಟ್ಟು ತೂಕ ಹಾಗೂ ಪ್ರತಿ ಆಕ್ಸಲ್‌ನ ಮಿತಿಯೊಂದಿಗೆ ಹೋಲಿಸಿ. ಅರ್ಧ ದಿನದ ಕೆಲಸ ಇದು, ಆದರೆ ಬೇಡದ ಎಷ್ಟೋ ಖರೀದಿಗಳನ್ನು ಇದು ತಪ್ಪಿಸುತ್ತದೆ.

ಹಿಂಭಾಗ ಕುಸಿಯುವುದಕ್ಕೆ ಬರೋಣ. ಟ್ರೇಲರಿನ ಭಾರ ಕೂರುವುದು ಹಿಂದಿನ ಆಕ್ಸಲ್‌ನ ಮೇಲಲ್ಲ, ಅದಕ್ಕಿಂತಲೂ ಹಿಂದೆ. ಎರಡು ಆಕ್ಸಲ್‌ಗಳ ನಡುವಿನ ಅಂತರ 4 ಮೀಟರ್, ಹಿಂದಿನ ಆಕ್ಸಲ್‌ನಿಂದ ಹಿಚ್‌ನ ಚೆಂಡಿಗೆ 1.5 ಮೀಟರ್ ಇದೆ ಎಂದುಕೊಳ್ಳಿ. ಏತದ ಒಂದು ತುದಿ ತಗ್ಗಿದರೆ ಇನ್ನೊಂದು ತುದಿ ಏಳುವಂತೆ, 384 ಕಿಲೋ ಭಾರವು ಮುಂದಿನ ಗಾಲಿಗಳ ಮೇಲಿಂದ 144 ಕಿಲೋವನ್ನು ಎತ್ತಿಬಿಡುತ್ತದೆ ಮತ್ತು ಹಿಂದಿನ ಆಕ್ಸಲ್‌ಗೆ 528 ಕಿಲೋ ಸೇರುತ್ತದೆ. ಸ್ಟಿಯರಿಂಗ್ ಹಗುರವಾಗುವುದು, ಬ್ರೇಕ್ ಒತ್ತಿದಾಗ ಮುಂದಿನ ಗಾಲಿಗಳು ನೆಲವನ್ನು ಬಿಗಿಯಾಗಿ ಹಿಡಿಯದಿರುವುದು, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ರಾಚುವುದು, ಇವೆಲ್ಲ ಇದೇ 144 ಕಿಲೋ ಮಾಯವಾದುದರ ಪರಿಣಾಮ.

ಏರ್ ಬ್ಯಾಗ್ ಈ ನಷ್ಟವನ್ನು ತುಂಬಿಕೊಡುವುದಿಲ್ಲ. ಅದು ಹಿಂಭಾಗವನ್ನು ಎತ್ತಿ ಗಾಡಿಯನ್ನು ಮಟ್ಟವಾಗಿ ಕಾಣುವಂತೆ ಮಾಡುತ್ತದೆ, ಅಷ್ಟೆ. ಮುಂದಿನಿಂದ ಹೋದ ತೂಕ ಮುಂದಕ್ಕೆ ಬರುವುದಿಲ್ಲ. ನಾನೂ ಹಿಂದೊಮ್ಮೆ ಬರೀ ಏರ್ ಬ್ಯಾಗ್ ಹಾಕಿಸಿ, ಗಾಡಿ ನೆಟ್ಟಗೆ ನಿಂತದ್ದನ್ನು ಕಂಡು ಸಮಾಧಾನಪಟ್ಟಿದ್ದೆ. ಗಾಳಿ ಬೀಸುವ ಬಯಲು ರಸ್ತೆಯಲ್ಲಿ ಸ್ಟಿಯರಿಂಗ್ ಮೊದಲಿನಷ್ಟೇ ತೇಲುತ್ತಿರುವುದು ಕೈಗೆ ತಿಳಿದಾಗಲೇ ವೇ ಬ್ರಿಡ್ಜ್‌ಗೆ ಹೋದದ್ದು. ಮುಂದಿನ ಆಕ್ಸಲ್‌ನ ತೂಕ ಬ್ಯಾಗ್ ಹಾಕಿಸುವ ಮೊದಲು ಇದ್ದಷ್ಟೇ ಇತ್ತು.

ನಿಮ್ಮ ಮೊದಲ ಖರ್ಚು ಹೋಗಬೇಕಾದದ್ದು ತೂಕ ಹಂಚುವ ಹಿಚ್‌ಗೆ, ಅಂದರೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್‌ಗೆ. ಅದರ ಎರಡು ಉಕ್ಕಿನ ಸರಳುಗಳು ಬಿಗಿದ ಬಿಲ್ಲಿನಂತೆ ಕೆಲಸ ಮಾಡಿ, ಭಾರದ ಒಂದು ಪಾಲನ್ನು ಮುಂದಿನ ಆಕ್ಸಲ್‌ಗೂ ಇನ್ನೊಂದು ಪಾಲನ್ನು ಟ್ರೇಲರಿನ ಗಾಲಿಗಳಿಗೂ ದಾಟಿಸುತ್ತವೆ. ಕೊಂಡರಷ್ಟೇ ಸಾಲದು, ಹೊಂದಿಸಬೇಕು. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಮುಂದಿನ ಗಾಲಿಯ ನಡುವಿಗೆ ನೇರವಾಗಿ ನೆಲದಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ಟ್ರೇಲರ್ ಇಲ್ಲದಾಗ 98 ಸೆಂಟಿಮೀಟರ್ ಇದ್ದದ್ದು, ಸರಳು ಬಿಗಿಯದೆ ಟ್ರೇಲರ್ ಕೂರಿಸಿದಾಗ 102ಕ್ಕೆ ಏರಿತು ಎನ್ನಿ. ಸರಳು ಬಿಗಿದ ಮೇಲೆ ಅದು 100ಕ್ಕೆ ಇಳಿದರೆ ಏರಿದ್ದರಲ್ಲಿ ಅರ್ಧ ಮರಳಿದಂತಾಯಿತು. ಎಷ್ಟು ಮರಳಬೇಕು ಎಂಬುದನ್ನು ಗಾಡಿಯ ಕೈಪಿಡಿ ಹೇಳುತ್ತದೆ, ಅದನ್ನೇ ಪಾಲಿಸಿ. ಮಿತಿಮೀರಿ ಬಿಗಿದರೆ ಹಿಂದಿನ ಗಾಲಿಗಳ ಹಿಡಿತ ತಪ್ಪುತ್ತದೆ. ಇಷ್ಟಾದ ನಂತರವೂ ಹಿಂಭಾಗ ತುಸು ತಗ್ಗಿದ್ದರೆ ಏರ್ ಬ್ಯಾಗ್ ಉಪಯುಕ್ತವೇ: ಬ್ಯಾಗಿನ ಗಾಳಿಯನ್ನು ತಯಾರಕರು ಹೇಳಿದ ಕನಿಷ್ಠಕ್ಕೆ ಇಳಿಸಿ ಹಿಚ್ ಹೊಂದಿಸಿ, ಆಮೇಲೆ ಬೇಕಾದಷ್ಟು ತುಂಬಿ. ಆದರೆ ಬ್ಯಾಗ್ ಹಾಕಿಸಿದ್ದರಿಂದ ಬಾಗಿಲ ಫಲಕದ ಮೇಲಿನ ಅಂಕಿ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ, ಏಕೆಂದರೆ ಆ ಮಿತಿ ಸ್ಪ್ರಿಂಗ್ ಒಂದರದ್ದಲ್ಲ. ಆಕ್ಸಲ್, ಬೇರಿಂಗ್, ಬ್ರೇಕ್, ಚೌಕಟ್ಟು ಮತ್ತು ಟೈರುಗಳೆಲ್ಲ ಸೇರಿದ್ದು.

ಎರಡನೆಯದು ಟ್ರೇಲರಿನ ಬ್ರೇಕ್. ಮೂರು ಟನ್ನಿಗೂ ಮೀರಿದ ಟ್ರೇಲರನ್ನು ಗಾಡಿಯ ಬ್ರೇಕೊಂದೇ ನಿಲ್ಲಿಸಬೇಕಾದ ಸ್ಥಿತಿ ಎಂದೂ ಬರಬಾರದು. ಟ್ರೇಲರಿನ ಬ್ರೇಕನ್ನು ಚಾಲಕನ ಜಾಗದಿಂದಲೇ ನಿಯಂತ್ರಿಸುವ ಬ್ರೇಕ್ ಕಂಟ್ರೋಲರ್ ನಿಮ್ಮ ಗಾಡಿಗೆ ಕಂಪನಿಯಿಂದಲೇ ಬಂದಿದ್ದರೆ ಅದೇ ಸಾಕು. ಇಲ್ಲದಿದ್ದರೆ, ನೀವು ಎಷ್ಟು ಜೋರಾಗಿ ನಿಲ್ಲಿಸುತ್ತಿದ್ದೀರೋ ಅಷ್ಟೇ ಪ್ರಮಾಣದಲ್ಲಿ ಟ್ರೇಲರಿನ ಬ್ರೇಕನ್ನೂ ಹಿಡಿಸುವ ಪ್ರಪೋರ್ಷನಲ್ ಮಾದರಿಯನ್ನೇ ಕೊಳ್ಳಿ. ಖಾಲಿಯಿರುವ ಒಣ ರಸ್ತೆಯಲ್ಲಿ 40 ಕಿಲೋಮೀಟರ್ ವೇಗದಲ್ಲಿ ಕಂಟ್ರೋಲರಿನಲ್ಲಿ ಕೈಯಿಂದ ಒತ್ತುವ ಗುಂಡಿಯನ್ನೋ ಸನ್ನೆಯನ್ನೋ ಮಾತ್ರ ಒತ್ತಿ ನೋಡಿ. ಟ್ರೇಲರಿನ ಗಾಲಿಗಳು ಕಚ್ಚಿ ಜಾರುವ ಹಂತಕ್ಕೆ ಸ್ವಲ್ಪ ಕೆಳಗೆ ಅದರ ಬಲವನ್ನು ನಿಲ್ಲಿಸಿ. ಟ್ರೇಲರಿನ ತೂಕ ಬದಲಾದಾಗಲೆಲ್ಲ ಇದನ್ನು ಮತ್ತೆ ಹೊಂದಿಸಬೇಕು.

ಟೈರಿನ ವಿಷಯದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಾಯ ಮಾಡುತ್ತೇನೆ. ಟೈರಿನ ಪಕ್ಕದ ಗೋಡೆಯ ಮೇಲಿರುವ ಲೋಡ್ ಇಂಡೆಕ್ಸ್ ಓದುವುದನ್ನು ಕಲಿಯಿರಿ: 116 ಎಂದಿದ್ದರೆ ಆ ಒಂದು ಟೈರ್ 1,250 ಕಿಲೋ ಹೊರುತ್ತದೆ, 121 ಎಂದಿದ್ದರೆ 1,450, 126 ಎಂದಿದ್ದರೆ 1,700. 121/118 ಎಂದು ಎರಡು ಅಂಕಿಗಳಿದ್ದರೆ ಮೊದಲನೆಯದು ಒಂಟಿ ಟೈರಿಗೆ, ಎರಡನೆಯದು ಒಂದೇ ಬದಿಯಲ್ಲಿ ಜೋಡಿಯಾಗಿ ಕೂರಿಸಿದ ಟೈರುಗಳಲ್ಲಿ ಒಂದೊಂದಕ್ಕೆ. ವೇ ಬ್ರಿಡ್ಜ್‌ನಲ್ಲಿ ಹಿಂದಿನ ಆಕ್ಸಲ್ 2,700 ಕಿಲೋ ತೋರಿಸಿದರೆ 116ರ ಎರಡು ಟೈರುಗಳು ಅದಕ್ಕೆ ಸಾಲುವುದೇ ಇಲ್ಲ, ನೋಡಲು ಅವು ಎಷ್ಟೇ ದಪ್ಪ ಗಡುಸಾಗಿ ಕಂಡರೂ. ಈ ಭಾರ ಹೊರುವ ಶಕ್ತಿ ಪೂರ್ತಿ ಗಾಳಿ ಇದ್ದಾಗಿನದು ಎಂಬುದನ್ನೂ ಮರೆಯಬಾರದು. ಲೋಡ್ ರೇಂಜ್ ಇ ದರ್ಜೆಯ ಟೈರುಗಳಲ್ಲಿ ಸಾಮಾನ್ಯವಾಗಿ ಅದು 80 ಪಿಎಸ್‌ಐ. ಗಾಳಿ ಕಡಿಮೆಯಾದ ಟೈರ್ ಭಾರದಡಿಯಲ್ಲಿ ಬಾಗಿ ಬಾಗಿ ಬಿಸಿಯೇರಿ ಸಿಡಿಯುತ್ತದೆ. ಟ್ರೇಲರಿನ ಟೈರುಗಳನ್ನಂತೂ ಯಾರೂ ಗಮನಿಸುವುದಿಲ್ಲ, ವರ್ಷದ ಬಹುಕಾಲ ಬಿಸಿಲಿನಲ್ಲಿ ನಿಂತು ಅವು ಒಳಗೊಳಗೇ ಒಣಗಿರುತ್ತವೆ. ತಯಾರಿಕೆಯ ಗುರುತಿನ ಕೊನೆಯ ನಾಲ್ಕು ಅಂಕಿಗಳನ್ನು ನೋಡಿ: 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಏರ್ ಬ್ಯಾಗ್‌ಗೆ ಮೀಸಲಿಟ್ಟ ಹಣದಲ್ಲಿ ಟ್ರೇಲರಿನ ಹಳೆಯ ಟೈರ್ ಬದಲಿಸಿ, ಎಲ್ಲ ಗಾಲಿಗಳ ಗಾಳಿ ಮತ್ತು ಬಿಸಿಯನ್ನು ಚಾಲಕನಿಗೆ ತೋರಿಸುವ ಟಿಪಿಎಂಎಸ್ ಕೂರಿಸಿದರೆ ಅದು ಹೆಚ್ಚು ಸಾರ್ಥಕ ಖರ್ಚು.

ಲಿಫ್ಟ್ ಕಿಟ್ ಮತ್ತು ದೊಡ್ಡ ಟೈರ್ ನಿಮ್ಮ ಕೆಲಸಕ್ಕೆ ಹೊಂದುವುದಿಲ್ಲ. 33 ಇಂಚಿನ ಟೈರ್ ತೆಗೆದು 35 ಇಂಚಿನದು ಹಾಕಿದರೆ ವ್ಯಾಸ ಶೇಕಡಾ ಆರರಷ್ಟು ಹೆಚ್ಚುತ್ತದೆ, 3.73 ಇದ್ದ ಆಕ್ಸಲ್‌ನ ಗೇರ್ ಅನುಪಾತ 3.52ರಂತೆ ವರ್ತಿಸತೊಡಗುತ್ತದೆ, ಅಂದರೆ ಏರಿನಲ್ಲಿ ಎಂಜಿನ್ ಮೊದಲಿಗಿಂತ ಹೆಚ್ಚು ಹೆಣಗುತ್ತದೆ. ಸ್ಪೀಡೋಮೀಟರನ್ನು ಮರುಹೊಂದಿಸದಿದ್ದರೆ ಅದು 94 ತೋರಿಸುವಾಗ ನೀವು ನಿಜಕ್ಕೂ ನೂರರ ಆಸುಪಾಸಿನಲ್ಲಿರುತ್ತೀರಿ. ಗಾಡಿ ಎತ್ತರವಾದಷ್ಟೂ ತಿರುವಿನಲ್ಲಿ ವಾಲುತ್ತದೆ. ಟ್ರೇಲರನ್ನು ಮಟ್ಟವಾಗಿ ಇರಿಸಲು ಹಿಚ್ಚನ್ನು ಇನ್ನೂ ಕೆಳಗೆ ಇಳಿಬಿಡಬೇಕಾಗುತ್ತದೆ.

ಎಂಜಿನ್ ಟ್ಯೂನಿಂಗ್ ಬೇಡವೇ ಬೇಡ. ಇಂದಿನ ಹೆವಿ ಡ್ಯೂಟಿ ಡೀಸೆಲ್‌ಗೆ ಮೂರು ಟನ್ ಎಳೆಯಲು ಶಕ್ತಿಯ ಕೊರತೆಯಿಲ್ಲ. ಹೆಚ್ಚಿಸಿದ ಶಕ್ತಿ ಬಿಸಿಯಾಗಿ ಮಾರ್ಪಟ್ಟು ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ತಗಲುತ್ತದೆ, ವಾರಂಟಿಗೂ ಕುತ್ತು ತರಬಹುದು. ಹೊಗೆ ನಿಯಂತ್ರಣದ ಭಾಗಗಳನ್ನು ಕಿತ್ತುಹಾಕುವುದು ಅನೇಕ ದೇಶಗಳಲ್ಲಿ ಕಾನೂನುಬಾಹಿರವೂ ಹೌದು. ಅದಕ್ಕಿಂತ ಈಗಾಗಲೇ ಇರುವ ಟೋ ಹಾಲ್ ಮೋಡ್ (ಭಾರ ಎಳೆಯುವಾಗ ಗೇರ್ ಬದಲಾವಣೆಯನ್ನು ಅದಕ್ಕೆ ತಕ್ಕಂತೆ ಹೊಂದಿಸುವ ವ್ಯವಸ್ಥೆ) ಹಾಗೂ ಎಕ್ಸಾಸ್ಟ್ ಬ್ರೇಕನ್ನು (ಹೊಗೆಯ ಹರಿವನ್ನು ತಡೆದು ಎಂಜಿನ್ನಿನಿಂದಲೇ ವೇಗ ತಗ್ಗಿಸುವುದು) ಬಳಸುವ ಅಭ್ಯಾಸ ಮಾಡಿಕೊಳ್ಳಿ. ಉದ್ದನೆಯ ಇಳಿಜಾರಿನಲ್ಲಿ ಗಾಡಿಯನ್ನು ಎಂಜಿನ್ನೇ ಹಿಡಿದಿಟ್ಟರೆ ಬ್ರೇಕ್ ತಣ್ಣಗಿರುತ್ತದೆ.

ಕ್ಯಾಂಪಿಂಗ್‌ಗೆ ಸಂಬಂಧಿಸಿದಂತೆ ಹಣ ಖರ್ಚು ಮಾಡಲೇಬೇಕಾದದ್ದು ವಿದ್ಯುತ್ತಿಗೆ. 12 ವೋಲ್ಟಿನ ಒಂದು ಸಾಧಾರಣ ಫ್ರಿಜ್ ಹವೆಗೆ ತಕ್ಕಂತೆ ದಿನಕ್ಕೆ 30ರಿಂದ 50 ಆಂಪಿಯರ್-ಅವರ್ ಕುಡಿಯುತ್ತದೆ. ನೂರು ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕುಗ್ಗುತ್ತದೆ, ಹಾಗಾಗಿ ಅದು ಒಂದೂವರೆ ದಿನಕ್ಕೆ ಸುಸ್ತಾಗುತ್ತದೆ. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅದರ ಅರ್ಧ ತೂಕದಲ್ಲಿ ಎರಡು ದಿನ ದಾಟಿಸುತ್ತದೆ. ಪೇಲೋಡಿನ ಲೆಕ್ಕ ಬಿಗಿಯಾಗಿರುವ ನಿಮಗೆ ಈ ಉಳಿತಾಯ ಮುಖ್ಯ. ಆದರೆ ಶೂನ್ಯ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಇದನ್ನು ಚಾರ್ಜ್ ಮಾಡಬಾರದು. ಆಲ್ಟರ್ನೇಟರಿನಿಂದ ನೇರ ತಂತಿ ಎಳೆಯದೆ ನಡುವೆ ಬ್ಯಾಟರಿಗೆ ತಕ್ಕ ವೋಲ್ಟೇಜ್ ಮತ್ತು ಕರೆಂಟ್ ಒದಗಿಸುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿ, ಬ್ಯಾಟರಿಯ ತೀರ ಬಳಿಯಲ್ಲೇ ಫ್ಯೂಸ್ ಇರಿಸಿ, ತಂತಿ ದಪ್ಪವಿರಲಿ. ಇನ್ನೊಂದು ಮಾತು: ಮಲಗುವ ಕ್ಯಾನೊಪಿಯೊಳಗೆ ಚಳಿ ಕಾಯಿಸಲು ಅಡುಗೆ ಒಲೆ ಹಚ್ಚಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲಿರುವವರಿಗೆ ಅದರ ಸುಳಿವೂ ಸಿಗುವುದಿಲ್ಲ. ಅದನ್ನು ಪತ್ತೆಹಚ್ಚಿ ಕೂಗುವ ಪುಟ್ಟ ಅಲಾರಂ ಒಂದನ್ನು ಟ್ರೇಲರಿನಲ್ಲೂ ಕ್ಯಾನೊಪಿಯಲ್ಲೂ ಇರಿಸಿ.

ಕೆಸರಿನಲ್ಲಿ ಹೂತ ಗಾಡಿಯನ್ನು ಎಳೆಸುವಾಗ ಹಗ್ಗವನ್ನು ಹಿಚ್‌ನ ಚೆಂಡಿಗೆ ಎಂದಿಗೂ ಕಟ್ಟಬಾರದು. ಜಗ್ಗಿದ ರಭಸಕ್ಕೆ ಚೆಂಡು ಮುರಿದರೆ ಅದು ಗುಂಡಿನಂತೆ ಹಾರುತ್ತದೆ, ಜನ ಸತ್ತಿದ್ದಾರೆ. ವಿಂಚ್‌ಗಿಂತ ಮೊದಲು ಚೌಕಟ್ಟಿಗೆ ಬಿಗಿದ, ಎಷ್ಟು ಬಲ ತಾಳುತ್ತವೆ ಎಂದು ನಮೂದಿಸಿರುವ ಕೊಂಡಿಗಳಿವೆಯೇ ಎಂದು ಪರೀಕ್ಷಿಸಿ. ಜೊತೆಗೆ ಟೈರಿಗೆ ಗಾಳಿ ತುಂಬುವ ಒಂದು ಕಂಪ್ರೆಸರ್ ಇದ್ದರೆ ಸಾಕಷ್ಟಾಯಿತು.

ಹಿಚ್, ಬ್ರೇಕ್, ಟೈರ್ ಮೂರೂ ಮುಗಿದ ಮೇಲೆ ಲೆಕ್ಕ ಇನ್ನೂ ಮಿತಿ ಮೀರಿದ್ದರೆ, ಹೊಸದನ್ನು ಸೇರಿಸುವ ಬದಲು ಇರುವುದನ್ನು ಇಳಿಸಿ. ಟ್ರೇಲರಿನಲ್ಲೇ ಹಾಸಿಗೆಗಳಿರುವಾಗ 70 ಕಿಲೋದ ರೂಫ್ ಟೆಂಟ್ ಯಾಕೆ? ನೀರನ್ನು ತಂಗುವ ಜಾಗದ ಹತ್ತಿರ ತುಂಬಿಸಿಕೊಳ್ಳಬಹುದು. ಎಲ್ಲವನ್ನೂ ಹೊಂದಿಸಿದ ಬಳಿಕ ಮೊದಲ ಪ್ರಯಾಣದಲ್ಲಿ 50 ಕಿಲೋಮೀಟರ್ ಸಾಗಿ ಒಮ್ಮೆ ನಿಲ್ಲಿಸಿ. ಗಾಲಿಗಳ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಯಿರಿ, ಟ್ರೇಲರಿನ ಪ್ರತಿ ಗಾಲಿಯ ಹಬ್ಬಿನ ಹತ್ತಿರ ಅಂಗೈ ಹಿಡಿದು ನೋಡಿ. ಎಲ್ಲವೂ ಒಂದೇ ಸಮ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಅಲ್ಲಿ ಬೇರಿಂಗ್ ಸವೆದಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಅದನ್ನು ಸರಿಪಡಿಸದೆ ಮುಂದಕ್ಕೆ ಹೊರಡಬೇಡಿ.