ನೆತ್ತಿಗೆ ಹತ್ತಿದ ನೀರು, ಗದ್ದದ ಕೆಳಗಿನ ಸೂಜಿ

ನೀರು ಕುಡಿಯುವಾಗ ಕೆಮ್ಮು ಬಂದರೆ 'ನೆತ್ತಿಗೆ ಹತ್ತಿತು, ಯಾರೋ ನೆನಸ್ಕೊಂಡ್ರು' ಅಂತ ತಲೆ ತಟ್ಟುತ್ತೇವೆ, ಅಲ್ವಾ? ಗಂಗಾವತಿ ಹತ್ತಿರದ ನಮ್ಮೂರಲ್ಲಿ ದೊಡ್ಡಪ್ಪನಿಗೆ ಲಕ್ವಾ ಹೊಡೆದಾಗಲೂ ಮನೆಯವರು ಹಾಗೇ ತಟ್ಟಿದ್ದರು. ಮಲಗಿದ್ದವರ ಬಾಯಿಗೆ ಚಮಚದಲ್ಲಿ ನೀರು ಹಾಕಿದ್ದರು. ಅರ್ಧ ನೀರು ಬಾಯಿಯ ಎಡಗಡೆಯಿಂದ ಜಾರಿ ದಿಂಬು ಒದ್ದೆಯಾಯಿತು. ಉಳಿದ ಅರ್ಧ ಕೆಮ್ಮು ತರಿಸಿತು.

ನೀರು ನೆತ್ತಿಗೆ ಏರುವುದಿಲ್ಲ, ಶ್ವಾಸನಾಳಕ್ಕೆ ಇಳಿಯುತ್ತದೆ. ಗಂಟಲಿನ ಗಂಟಿನ ಮೇಲೆ ಬೆರಳಿಟ್ಟು ಒಂದು ಗುಟುಕು ನುಂಗಿ ನೋಡಿ. ಗಂಟು ಮೇಲೇಳುತ್ತದೆ, ಉಸಿರು ಒಂದು ಗಳಿಗೆ ನಿಲ್ಲುತ್ತದೆ, ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಸುಮಾರು ಒಂದು ಸೆಕೆಂಡಿನ ಈ ಕೆಲಸಕ್ಕೆ 25ಕ್ಕೂ ಹೆಚ್ಚು ಜೋಡಿ ಸ್ನಾಯುಗಳು ಬೇಕು, ಅವಕ್ಕೆಲ್ಲ ಮೆದುಳಿನ ಅಪ್ಪಣೆ ಬೇಕು. ಲಕ್ವಾ ಹೊಡೆದಾಗ ಆ ಅಪ್ಪಣೆ ತಡವಾಗಬಹುದು. ಆರಂಭದ ದಿನಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ರೋಗಿಗಳಿಗೆ ನುಂಗುವ ತೊಂದರೆ ಇರುತ್ತದೆ. ನೀರು ಸಲೀಸು ಅಂದುಕೊಳ್ಳುತ್ತೇವೆ, ಆದರೆ ಇಂಥವರಿಗೆ ಬಲು ಕಷ್ಟ ಅದೇ. ಗಂಟು ಏಳುವಷ್ಟರಲ್ಲಿ ಅದು ಹರಿದುಬಿಟ್ಟಿರುತ್ತದೆ. ಕೆಲವರಿಗೆ ಕೆಮ್ಮೂ ಬರುವುದಿಲ್ಲ. ನನಗೆ ಜಾಸ್ತಿ ಭಯ ಅವರದ್ದೇ. ಸದ್ದಿಲ್ಲದೆ ಇಳಿದದ್ದು ನ್ಯುಮೋನಿಯಾ ತರಬಹುದು.

'ಸೂಜಿ ಚುಚ್ಚಿಸಿ, ಗಂಟಲು ಬಿಡುತ್ತೆ' ಅಂದರು ನೆಂಟರೊಬ್ಬರು. ಅದು ಸುಮ್ನೆ ಆಡಿದ ಮಾತಲ್ಲ. ಅವರು ಹೇಳಿದ್ದು ಅಕ್ಯುಪಂಕ್ಚರ್, ಅಂದರೆ ಮೈಮೇಲಿನ ಗೊತ್ತಾದ ಬಿಂದುಗಳಿಗೆ ಸಣ್ಣ ಸೂಜಿ ಚುಚ್ಚುವ ಚೀನಾದ ಚಿಕಿತ್ಸೆ. ಅದರಲ್ಲಿ ಇದಕ್ಕೆ ಬಳಸುವ ಒಂದು ಬಿಂದುವಿನ ಹೆಸರು ಲಿಯೆನ್‌ಚುವಾನ್. ಗದ್ದದ ಕೆಳಗೆ, ಗಂಟಲಿನ ಗಂಟಿಗಿಂತ ಮೇಲೆ ಅದರ ಜಾಗ. ನುಂಗಲು ನೆರವಾಗುವ ಸ್ನಾಯುಗಳು ಇರುವುದೂ ಅಲ್ಲೇ. ಸೂಜಿ ಅಲ್ಲಿನ ನರಗಳನ್ನು ಕೆಣಕಿ ಮೆದುಳನ್ನು ಎಚ್ಚರಿಸಬಹುದು ಅನ್ನುವುದು ಒಂದು ಊಹೆ. ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2008ರ ಪರಾಮರ್ಶೆಗೆ ಸಿಕ್ಕಿದ್ದು ಒಂದೇ ಒಂದು ಸಣ್ಣ ಅಧ್ಯಯನ. 2018ರ ಹೊತ್ತಿಗೆ ಇನ್ನಷ್ಟು ಸೇರಿದವು, ಲಾಭ ಇರಬಹುದು ಅನಿಸಿತು, ಆದರೆ ಪುರಾವೆ ಗಟ್ಟಿಯಿಲ್ಲ. ಸೂಜಿ ಚುಚ್ಚಿದ್ದನ್ನು ರೋಗಿಯಿಂದ ಮುಚ್ಚಿಡುವುದು ಕಷ್ಟ, ಹಾಗಾಗಿ ಗುಣ ಸೂಜಿಯದೋ ನಂಬಿಕೆಯದೋ ಹೇಳುವುದು ಕಷ್ಟ. ಜೊತೆಗೆ ಬೇರೆ ಚಿಕಿತ್ಸೆಯೂ ನಡೆದಿರುತ್ತದೆ. ಸೂಜಿಯಿಲ್ಲದೆಯೂ ಬಹಳ ಜನ ಕೆಲವೇ ವಾರಗಳಲ್ಲಿ ಸುಧಾರಿಸುತ್ತಾರೆ, ಯಾಕೆಂದರೆ ನುಂಗುವ ಕೆಲಸಕ್ಕೆ ಮೆದುಳಿನ ಎರಡೂ ಬದಿಯ ಪಾಲಿದೆ. ಪೆಟ್ಟು ಬೀಳದ ಬದಿ ಮೆಲ್ಲಗೆ ಹೊಣೆ ಹೊರುತ್ತದೆ.

ಹಾಗಾಗಿ ಸೂಜಿ ಬೇಡ ಅನ್ನಲಾರೆ, ಮೊದಲು ಸೂಜಿ ಅಂತಲೂ ಅನ್ನಲಾರೆ. ಬಾಯಿಗೆ ಏನಾದರೂ ಹಾಕುವ ಮುಂಚೆ ಆಸ್ಪತ್ರೆಯಲ್ಲಿ ನುಂಗುವ ಪರೀಕ್ಷೆ ಆಗಲೇಬೇಕು. ದೊಡ್ಡಪ್ಪನಿಗೆ ಪರೀಕ್ಷೆ ಮಾಡಿದ ಥೆರಪಿಸ್ಟ್ ಕೆಲವು ದಿನ ಊಟಕ್ಕೆ ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆಯೇ ಸಾಕು ಅಂದರು. ಆಮೇಲೆ ಅವರೇ ಹದ ಹೇಳಿಕೊಟ್ಟು ಮಂದ ಅಂಬಲಿ ಶುರು ಮಾಡಿಸಿದರು. ದೊಡ್ಡಪ್ಪನನ್ನು ದೊಡ್ಡಮ್ಮ ನೆಟ್ಟಗೆ ಕೂರಿಸಿ, ಗದ್ದ ಎದೆಯ ಕಡೆ ಬಾಗಿಸಿ, ಅರ್ಧ ಚಮಚ ಕೊಡುತ್ತಿದ್ದರು. ನುಂಗಿದ ಮೇಲೆ 'ಆ' ಅನ್ನಿಸುತ್ತಿದ್ದರು. ದನಿ ಗರಗರ ಅಂದರೆ ಚಮಚ ಕೆಳಗಿಟ್ಟು ಕಾಯುತ್ತಿದ್ದರು.