ಹಳೆಯ ಕಂಪ್ಯೂಟರ್: ಕೊಳ್ಳುವ ಮೊದಲು ಬಿಚ್ಚಿ ನೋಡಿ

ಸಾಗರದ ಪೇಟೆಯಲ್ಲಿರುವ ನನ್ನ ರಿಪೇರಿ ಅಂಗಡಿಗೆ ಕಳೆದ ಆಷಾಢದಲ್ಲಿ ಅಡಿಕೆ ಮಂಡಿಯೊಂದರ ಗುಮಾಸ್ತರು ಹಳೆಯ ಡೆಸ್ಕ್‌ಟಾಪ್ ಹೊತ್ತು ತಂದರು. ಮಳೆಗೆ ನೆನೆಯದಿರಲೆಂದು ಗೊಬ್ಬರದ ಚೀಲದ ಪ್ಲಾಸ್ಟಿಕ್ ಸುತ್ತಿದ್ದರು. "ಬೆಳಿಗ್ಗೆ ಗುಂಡಿ ಒತ್ತಿ, ಕಸ ಗುಡಿಸಿ, ದೇವರ ಪಟಕ್ಕೆ ದೀಪ ಹಚ್ಚಿ ಬಂದರೂ ಇನ್ನೂ ತಿರುಗುತ್ತಲೇ ಇರುತ್ತದೆ" ಎಂದರು. ಬೇರೆಡೆ ತೋರಿಸಿದಾಗ ಮದರ್‌ಬೋರ್ಡ್ ಹಳತಾಯಿತು, ಹೊಸ ಸೆಟ್ಟನ್ನೇ ಕೊಳ್ಳಿ ಎಂದಿದ್ದರಂತೆ.

ಪಕ್ಕದ ತಗಡು ತೆಗೆದು ನೋಡಿದೆ. ಇಂಟೆಲ್ ನಾಲ್ಕನೆಯ ತಲೆಮಾರಿನ ಐ3 ಪ್ರೊಸೆಸರ್, ಎಚ್81 ಬೋರ್ಡು, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಈ ತಲೆಮಾರು ಮಾರುಕಟ್ಟೆಗೆ ಬಂದದ್ದು 2013ರಲ್ಲಿ. ಯಂತ್ರ ಚಾಲೂ ಮಾಡಿ, ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದೆ. ಪ್ರೊಸೆಸರ್ ಶೇ. 8ರಷ್ಟು ಮಾತ್ರ ದುಡಿಯುತ್ತಿತ್ತು, ಡಿಸ್ಕ್ ಶೇ. 100ರಲ್ಲಿ ಏದುಸಿರು ಬಿಡುತ್ತಿತ್ತು. ಎತ್ತುಗಳು ಗಟ್ಟಿಯಾಗಿಯೇ ಇದ್ದವು, ಸವೆದದ್ದು ಗಾಡಿಯ ಅಚ್ಚು.

ಹಾರ್ಡ್‌ಡಿಸ್ಕ್ ಏಕೆ ನಿಧಾನ ಎನ್ನುವುದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಅರ್ಧ ಹಣ ಉಳಿಯುತ್ತದೆ. ಒಳಗೆ ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗಳಿವೆ. ಬೇಕಾದ ಮಾಹಿತಿ ಇರುವ ಜಾಗಕ್ಕೆ ಓದುವ ತಲೆ ಸರಿದು ಹೋಗಬೇಕು, ತಟ್ಟೆ ತಿರುಗಿ ಆ ಜಾಗ ತಲೆಯ ಕೆಳಗೆ ಬರಬೇಕು. ಒಂದು ಸಲಕ್ಕೆ ಹತ್ತು ಮಿಲಿಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಅಂದರೆ ಚದುರಿಬಿದ್ದ ಸಣ್ಣ ಕಡತಗಳನ್ನು ಹುಡುಕುವಾಗ ಸೆಕೆಂಡಿಗೆ ಸುಮಾರು ನೂರು ಕೋರಿಕೆಗಳನ್ನಷ್ಟೇ ಅದು ಪೂರೈಸಬಲ್ಲದು. ವಿಂಡೋಸ್ ಏಳುವಾಗ ಕೇಳುವುದು ಇಂಥ ಸಾವಿರಾರು ಚೂರುಗಳನ್ನೇ. ಹಾರ್ಡ್‌ಡಿಸ್ಕಿನ ಬದಲಿಗೆ ಹಾಕುವ, ಚಿಪ್‌ಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದು, ಸರಿಯುವುದು ಯಾವುದೂ ಇಲ್ಲ. ಸಾಧಾರಣ ಎಸ್‌ಎಸ್‌ಡಿಯೂ ಸೆಕೆಂಡಿಗೆ ಹತ್ತಾರು ಸಾವಿರ ಕೋರಿಕೆಗಳನ್ನು ತೀರಿಸುತ್ತದೆ. ಹತ್ತು ವರ್ಷದ ಯಂತ್ರಕ್ಕೆ ಒಂದೇ ಒಂದು ಬಿಡಿಭಾಗ ಹಾಕಿಸುವ ಶಕ್ತಿ ನಿಮಗಿದ್ದರೆ ಅದು ಎಸ್‌ಎಸ್‌ಡಿಯೇ ಆಗಲಿ. ನನ್ನ ಬಳಿ ಬರುವ ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಇನ್ನೂ ಹಳೆಯ ಎಚ್61 ಬೋರ್ಡುಗಳಲ್ಲಿ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೊಂಡಿಯ ವೇಗ ಅರ್ಧದಷ್ಟೇ ಇರುತ್ತದೆ. ಹಾಗಿದ್ದರೂ ಹಿಂಜರಿಯಬೇಡಿ, ದಿನನಿತ್ಯದ ಕೆಲಸದಲ್ಲಿ ಆ ಕೊರತೆ ಕಣ್ಣಿಗೆ ಬೀಳುವುದಿಲ್ಲ.

ಆದರೆ ಮಂಡಿಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕುವ ಮೊದಲು ಇನ್ನೊಂದು ಕೆಲಸವಿತ್ತು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ನೋಡಿದರೆ ಹಳದಿ ಬಣ್ಣ. 'ಪೆಂಡಿಂಗ್ ಸೆಕ್ಟರ್' ಎಂಬ ಸಾಲಿನಲ್ಲಿ ಸೊನ್ನೆ ಇರಬೇಕಾದ ಕಡೆ ಬೇರೆ ಸಂಖ್ಯೆ ಇತ್ತು. ಓದಲಾಗದ ಜಾಗಗಳು ಹುಟ್ಟಿಕೊಂಡಿವೆ ಎಂದು ಇದರ ಅರ್ಥ. ಇಂಥ ಹೊತ್ತಿನಲ್ಲಿ ಅನೇಕರು ಮೊದಲು ಡಿಸ್ಕಿನ ದೋಷ ಹುಡುಕಿ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಾಯುತ್ತಿರುವ ಡಿಸ್ಕಿನ ಮೇಲೆ ಗಂಟೆಗಟ್ಟಲೆ ದುರಸ್ತಿ ನಡೆಸಿದರೆ ಇದ್ದ ಉಸಿರೂ ಹೋಗುತ್ತದೆ. ಮೊದಲು ಕಡತಗಳನ್ನು ಹೊರಗೆ ನಕಲಿಸಿಕೊಳ್ಳಬೇಕು. ಮಂಡಿಯ ಏಳು ವರ್ಷದ ಖಾತೆ ನಕಲಾಗುವವರೆಗೆ ಗುಮಾಸ್ತರು ಸ್ಟೂಲಿನಿಂದ ಏಳಲಿಲ್ಲ. ಎರಡು ಕಡತಗಳ ಬಳಿ ಡಿಸ್ಕ್ ಟಿಕ್ ಟಿಕ್ ಎಂದು ತಡವರಿಸಿತು, ಆಮೇಲೆ ಮುಂದಕ್ಕೆ ಹೋಯಿತು. ಅವರು ಹಣೆ ಒರೆಸಿಕೊಂಡರು.

ಎಸ್‌ಎಸ್‌ಡಿಯ ಜೊತೆಗೆ ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿದೆ. ಎರಡು ಪಟ್ಟಿಗಳು ಜೋಡಿಯಾಗಿ ಕೆಲಸ ಮಾಡುವುದರಿಂದ ಒಂದೇ ಪಟ್ಟಿಗಿಂತ ಓಟ ಸಲೀಸು. ರ‍್ಯಾಮ್ ಕೊಳ್ಳುವಾಗ ಬೋರ್ಡಿಗೆ ಯಾವುದು ಹೊಂದುತ್ತದೆ ಎಂದು ಖಾತ್ರಿ ಮಾಡಿಕೊಳ್ಳಿ. ಡಿಡಿಆರ್3ಕ್ಕೆ 1.5 ವೋಲ್ಟ್, ಡಿಡಿಆರ್4ಕ್ಕೆ 1.2 ವೋಲ್ಟ್, ಪಟ್ಟಿಯ ನಡುವಿನ ಕಚ್ಚೂ ಬೇರೆ ಜಾಗದಲ್ಲಿ. ಕೂರುತ್ತಿಲ್ಲ ಎಂದು ಒತ್ತಿ ಕೂರಿಸಲು ಹೋಗಿ ಸ್ಲಾಟ್ ಮುರಿದುಕೊಂಡು ಬಂದವರನ್ನು ನೋಡಿದ್ದೇನೆ. ವಿಂಡೋಸ್ 32 ಬಿಟ್‌ನದ್ದಾಗಿದ್ದರೆ 4 ಜಿಬಿಗಿಂತ ಹೆಚ್ಚು ಹಾಕಿಯೂ ಫಲವಿಲ್ಲ. 64 ಬಿಟ್‌ನದ್ದನ್ನು ಹೊಸದಾಗಿ ಹಾಕಬೇಕು.

ಮಳೆಗಾಲದಲ್ಲಿ ನಮ್ಮ ಮಲೆನಾಡಿನಲ್ಲಿ ಅತಿ ಹೆಚ್ಚು ಬರುವ ದೂರು ಯಂತ್ರ ನಿಧಾನ ಎನ್ನುವುದಲ್ಲ. ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಕೆಲವು ಯಂತ್ರಗಳು ಬೀಪ್ ಬೀಪ್ ಎಂದು ಕೂಗುತ್ತವೆ. ತಿಂಗಳುಗಟ್ಟಲೆ ಗಾಳಿಯಲ್ಲಿ ತೇವ ನಿಂತು ರ‍್ಯಾಮ್ ಪಟ್ಟಿಯ ಚಿನ್ನದ ಹಲ್ಲುಗಳ ಮೇಲೆ ಮಂಕು ಪೊರೆ ಕಟ್ಟಿರುತ್ತದೆ. ವಿದ್ಯುತ್ ತಂತಿ ಕಿತ್ತು, ಚಾಲೂ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಒಳಗೆ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ. ಕ್ಯಾಬಿನೆಟ್ಟಿನ ಬರಿ ಲೋಹವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನೂ ಇಳಿಸಿಕೊಳ್ಳಿ. ಎರಡು ತುದಿಯ ಬಿಳಿ ಚಿಲಕ ಸರಿಸಿ ಪಟ್ಟಿಯನ್ನು ನೆಟ್ಟಗೆ ಮೇಲೆತ್ತಿ. ಬೆಳಕಿಗೆ ಹಿಡಿದರೆ ಹೊಳೆಯಬೇಕಾದ ಹಲ್ಲುಗಳು ಚಹಾದ ಕಲೆ ಹಿಡಿದಂತೆ ಕಾಣುತ್ತವೆ. ಮಕ್ಕಳು ಪೆನ್ಸಿಲ್ ಅಳಿಸುವ ಮೆತ್ತನೆಯ ಬಿಳಿ ರಬ್ಬರಿನಿಂದ ಒಂದೇ ದಿಕ್ಕಿಗೆ ಹಗುರವಾಗಿ ನಾಲ್ಕು ಸಲ ಉಜ್ಜಿ, ಪುಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಶಾಯಿ ಅಳಿಸುವ ಒರಟು ರಬ್ಬರು ಬೇಡ, ಅದು ಚಿನ್ನದ ಲೇಪವನ್ನೇ ಕೆರೆದು ತೆಗೆಯುತ್ತದೆ. ತಿರುಗಿ ಕೂರಿಸುವಾಗ ಚಿಲಕ ತಾನಾಗಿಯೇ ಟಕ್ ಎಂದು ಬಿದ್ದರೆ ಸರಿಯಾಗಿ ಕೂತಿದೆ ಎಂದು ತಿಳಿಯಿರಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಯಾವುದು ಕೆಟ್ಟಿದೆ ಎನ್ನುವುದು ಹೊರಬೀಳುತ್ತದೆ.

ಮುಟ್ಟಿದರೆ ಜುಮ್ ಎನ್ನುತ್ತದೆ ಎಂಬ ದೂರನ್ನು ನಾನು ಎಂದೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯ ಬಾಗಿಲಲ್ಲೇ ಎರಡು ಪುಟ್ಟ ಕೆಪಾಸಿಟರ್‌ಗಳಿರುತ್ತವೆ, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗಗಳು. ಒಂದು ಫೇಸ್‌ನಿಂದ ಲೋಹದ ಕವಚಕ್ಕೆ, ಇನ್ನೊಂದು ನ್ಯೂಟ್ರಲ್‌ನಿಂದ ಕವಚಕ್ಕೆ. ವಿದ್ಯುತ್ ಗದ್ದಲವನ್ನು ನೆಲಕ್ಕೆ ಇಳಿಸುವುದು ಅವುಗಳ ಕೆಲಸ. ಗೋಡೆಯಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಅದು ಇಳಿಯಲು ದಾರಿಯಿಲ್ಲದೆ ಕವಚವೇ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಕರೆಂಟು ತೀರ ಅಲ್ಪವಾದ್ದರಿಂದ ಜುಮ್ ಎನ್ನುವುದಕ್ಕಷ್ಟೇ ನಿಲ್ಲುತ್ತದೆ. ಆದರೆ ಒಳಗೆ ಏನಾದರೂ ಕೆಟ್ಟು ಫೇಸ್ ನೇರವಾಗಿ ಕವಚಕ್ಕೆ ತಾಗಿದ ದಿನ ಆ ಮನೆಯಲ್ಲಿ ಮುಟ್ಟಿದವರನ್ನು ಕಾಯುವುದು ಏನೂ ಇರುವುದಿಲ್ಲ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಸಾಕೆಟ್ಟಿನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳೆಸಿ. ಒಂದೆರಡು ವೋಲ್ಟ್ ಇದ್ದರೆ ಚಿಂತೆಯಿಲ್ಲ. ಹತ್ತಾರು ವೋಲ್ಟ್ ಬಂದರೆ ಕಂಪ್ಯೂಟರಿಗಿಂತ ಮೊದಲು ಗೋಡೆಯ ರಿಪೇರಿ ಆಗಬೇಕು. ಏಪ್ರಿಲ್‌ನಲ್ಲಿ ಜಂಬಿಟ್ಟಿಗೆಯ ನೆಲ ಒಣಗಿದಾಗ ಅರ್ಥಿಂಗ್ ಗುಂಡಿಗೆ ನೀರು ಹಾಕುವ ಹಳಬರ ರೂಢಿ ಸರಿಯಾದದ್ದೇ.

ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರ್ ತಂತಿ ಕಿತ್ತ ಮೇಲೂ 300 ವೋಲ್ಟಿಗಿಂತ ಹೆಚ್ಚಿನ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಅದು ಸರಿಯಿದೆಯೇ ಎಂದು ತಿಳಿಯಲು ಬಿಚ್ಚಬೇಕಾಗಿಯೂ ಇಲ್ಲ: ವಿಂಡೋಸ್ ಏಳುವ ಮೊದಲೇ ತೆರೆಯಬಹುದಾದ ಬಯೋಸ್ ಎಂಬ ಹೊಂದಾಣಿಕೆ ಪುಟದಲ್ಲಿ 12 ವೋಲ್ಟಿನ ಸಾಲು 11.4ಕ್ಕಿಂತ ಕೆಳಗಿದ್ದರೆ ಸಾಕು, ಪೆಟ್ಟಿಗೆ ಬದಲಿಸಿ. ಕೆಲಸದ ನಡುವೆ ಕಾರಣವಿಲ್ಲದೆ ತಾನೇ ಆರಿ ಮತ್ತೆ ಏಳುವ ಯಂತ್ರಗಳಲ್ಲಿ ನಾನು ಮೊದಲು ನೋಡುವುದು ಇದನ್ನು, ಆಮೇಲೆ ಪ್ರೊಸೆಸರ್ ಮೇಲಿನ ಫ್ಯಾನನ್ನು. ಇಂಟೆಲ್ ಫ್ಯಾನಿನ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಸಡಿಲವಾಗಿ ಎದ್ದು ನಿಂತಿರುವುದು ತೀರ ಸಾಮಾನ್ಯ. ಪ್ರೊಸೆಸರ್ ಮೇಲೆ ಶಾಖ ದಾಟಿಸಲು ಹಚ್ಚಿರುವ ಹಳೆಯ ಪೇಸ್ಟ್ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಇಟ್ಟು, ಎದುರುಬದುರು ಮೂಲೆಯ ಕಾಲುಗಳನ್ನು ಜೋಡಿಯಾಗಿ ಒತ್ತಿ ಕೂರಿಸಿದರೆ ಕೆಲಸ ಮುಗಿಯಿತು.

ಇನ್ನು ವೈರಸ್ ಬಂದಿದೆ ಎಂದು ತರುವ ಯಂತ್ರಗಳು. ಯಾವ ಜಾಲತಾಣ ತೆರೆದರೂ 'ಸಂಪರ್ಕ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ, ಬ್ಯಾಂಕಿನ ಪುಟವೂ ತೆರೆಯುವುದಿಲ್ಲ. ಪರದೆಯ ಮೂಲೆಯಲ್ಲಿ ದಿನಾಂಕ ನೋಡಿ. ಅದು ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ವೈರಸ್ಸಿನ ಮಾತು ಬಿಡಿ, ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಮುಗಿದಿದೆ. ಜಾಲತಾಣಗಳ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಯಂತ್ರದ ಗಡಿಯಾರ ಹಿಂದಿದ್ದರೆ ಆ ಪತ್ರವನ್ನು ಅದು ನಂಬುವುದಿಲ್ಲ. ಮೂರು ವೋಲ್ಟಿನ ಈ ಬ್ಯಾಟರಿ ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಕೆಲವು ಬೋರ್ಡುಗಳಲ್ಲಿ ಬ್ಯಾಟರಿ ಸತ್ತಾಗ ಬೋರ್ಡು ಡಿಸ್ಕಿನೊಡನೆ ಮಾತಾಡುವ ವಿಧಾನ ಹೊಸ ಎಎಚ್‌ಸಿಐಯಿಂದ ಹಳೆಯ ಐಡಿಇಗೆ ಮರಳಿ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ. ಬಯೋಸ್‌ನಲ್ಲಿ ಅದೊಂದನ್ನು ಸರಿಪಡಿಸಿದರೆ ಸಾಕಾಗುವಲ್ಲಿ ಇಡೀ ವಿಂಡೋಸ್ ಅಳಿಸಿ ಹಾಕಿಸಿಕೊಂಡವರಿದ್ದಾರೆ. ಅವರ ಮಕ್ಕಳ ಫೋಟೋಗಳು ಹಾಗೆಯೇ ಹೋದವು. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಎಲ್ಲ ಹಳೆಯ ಯಂತ್ರಗಳಿಗೂ ದುಡ್ಡು ಸುರಿಯಿರಿ ಎಂದು ನಾನು ಹೇಳುತ್ತಿಲ್ಲ. ಬೋರ್ಡಿನ ಮೇಲೆ ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ಉಬ್ಬಿ ಕಂದು ರಸ ಒಸರಿದ್ದರೆ ಅಲ್ಲಿಗೆ ನಿಲ್ಲಿಸಿ. ಆ ಕಾಲದ ಬೋರ್ಡುಗಳು ಈಗ ಬಳಸಿದ ಸ್ಥಿತಿಯಲ್ಲೇ ಸಿಗುವುದು, ಎಷ್ಟು ದಿನ ಬಾಳುತ್ತವೆ ಎಂಬ ಭರವಸೆಯಿಲ್ಲ. ವಿಂಡೋಸ್‌ನ ಪ್ರಶ್ನೆಯೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರು ಮತ್ತು ಅದರಾಚೆಯವು ಬೇಕು. ಬರೆಯುವುದು, ಓದುವುದು, ಜಾಲತಾಣ ನೋಡುವುದು ಇಷ್ಟೇ ಕೆಲಸವಿರುವವರಿಗೆ ನಾನು ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಕೊಡುತ್ತೇನೆ. ಅದರಲ್ಲಿ 'ನುಡಿ' ತಂತ್ರಾಂಶ ಬಳಸಿದವರಿಗೆ ಪರಿಚಿತವಾದ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸವನ್ನೂ ಹೊಂದಿಸಿಕೊಳ್ಳಬಹುದು. ನಿವೃತ್ತ ಮೇಷ್ಟರೊಬ್ಬರು ಹನ್ನೆರಡು ವರ್ಷದ ಯಂತ್ರದಲ್ಲಿ ಹೀಗೆಯೇ ತಮ್ಮ ಊರಿನ ಸ್ಥಳನಾಮಗಳ ಪಟ್ಟಿ ಟೈಪ್ ಮಾಡುತ್ತಿದ್ದಾರೆ.

ಮಂಡಿಯವರದು ವಿಂಡೋಸ್‌ನಲ್ಲೇ ಓಡುವ ಲೆಕ್ಕದ ತಂತ್ರಾಂಶ, ಅದನ್ನು ಬಿಡುವಂತಿಲ್ಲ. ಹಾಗಾಗಿ ಆ ಯಂತ್ರವನ್ನು ಲೆಕ್ಕಕ್ಕೆ ಮಾತ್ರ ಮೀಸಲಿಟ್ಟು ಇಂಟರ್ನೆಟ್ ತಂತಿ ಕಿತ್ತೆವು. ಬ್ಯಾಂಕಿನ ಕೆಲಸ ಬೇರೆ ಯಂತ್ರದಲ್ಲಿ. ಪ್ರತಿ ಶನಿವಾರ ಎರಡು ಪೆನ್‌ಡ್ರೈವ್‌ಗಳಿಗೆ ಸರದಿಯ ಮೇಲೆ ಖಾತೆಯ ನಕಲು. ಈಗ ಗುಂಡಿ ಒತ್ತಿದ ಇಪ್ಪತ್ತೈದು ಸೆಕೆಂಡಿಗೆ ಪರದೆ ಬರುತ್ತದೆ. ಹಳೆಯ ಡಿಸ್ಕನ್ನು ಲಕೋಟೆಯಲ್ಲಿ ಹಾಕಿ, ಮೇಲೆ ದಿನಾಂಕ ಬರೆದು ಗುಮಾಸ್ತರ ಕೈಗೇ ಕೊಟ್ಟೆ. ನೂರಾರು ಬೆಳೆಗಾರರ ಖಾತೆ ಸಂಖ್ಯೆಗಳು ಅದರಲ್ಲಿವೆ. ಒಂದು ವರ್ಷ ಬೀರುವಿನಲ್ಲಿಟ್ಟು, ಆಮೇಲೆ ತಟ್ಟೆಗೆ ನಾಲ್ಕು ಕಡೆ ಡ್ರಿಲ್ಲಿನಿಂದ ತೂತು ಕೊರೆಸಿಯೇ ಗುಜರಿಗೆ ಹಾಕಿ ಎಂದು ಲಕೋಟೆಯ ಹಿಂಬದಿಗೆ ಬರೆದಿದ್ದೇನೆ.