ಕೋಡಿಂಗ್ ಬಾರದವರು ಓಪನ್ ಸೋರ್ಸ್‌ಗೆ ಎಂಥ ಮಾಡುವುದು?

ಪ್ರಶ್ನೆ: ಉಡುಪಿಯಲ್ಲಿ ಬಿಕಾಂ ಓದುತ್ತಿದ್ದೇನೆ. ಓಪನ್ ಸೋರ್ಸ್‌ಗೆ, ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್‌ಗೆ, ಏನಾದರೂ ಮಾಡಬೇಕು ಅಂತ ಆಸೆ. ಮೊದಲು ಪೈಥಾನ್ ಕಲಿಯಲೋ, ಕೋಡಿನ ಬದಲಾವಣೆ ದಾಖಲಿಸುವ ಗಿಟ್ ಕಲಿಯಲೋ?

ಎರಡೂ ಬೇಡ ಮಾರಾಯ್ರೇ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪೈಥಾನ್ ಇದ್ದಲ್ಲಿ ಜಾವಾ ಇರುತ್ತದೆ ಅಷ್ಟೆ.

ಕೋಡ್ ಬರೆದರೆ ಮಾತ್ರ ಲೆಕ್ಕಕ್ಕೆ ಅಂತ ಯಾರು ಹೇಳಿಕೊಟ್ಟರೋ. ಓಪನ್ ಸೋರ್ಸ್ ಆಫೀಸ್ ಸಾಫ್ಟ್‌ವೇರ್ ಆದ ಲಿಬ್ರೆಆಫೀಸ್ ತೆರೆದು ಒಂದು ಪುಟ ಕನ್ನಡ ಟೈಪ್ ಮಾಡಿ, ಸಾಲುಗಳನ್ನು ಸ್ವಲ್ಪ ಹತ್ತಿರ ಮಾಡಿ, ಪಿಡಿಎಫ್ ತೆಗೆಯಿರಿ. 'ರಾಷ್ಟ್ರ' ಅನ್ನುವ ಪದದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿತಾ? ರ‍್ಯಾಂಕ್ ಹೋಗಿ ರ್ಯಾಂಕ್ ಆಯಿತಾ? ಪಿಡಿಎಫ್‌ನಿಂದ ಕಾಪಿ ಮಾಡಿದರೆ ಬರೆದದ್ದೇ ಬರುತ್ತದಾ? ಅಲ್ಲಿ ಅಕ್ಷರ ಜೋಡಿಸುವುದು ಹಾರ್ಫ್‌ಬಜ್ ಅನ್ನುವ ಇನ್ನೊಂದು ಓಪನ್ ಸೋರ್ಸ್ ಲೈಬ್ರರಿ, ಅಂದರೆ ಬೇರೆ ಸಾಫ್ಟ್‌ವೇರ್‌ಗಳು ಬಳಸುವ ಸಿದ್ಧ ಕೋಡ್. ಕನ್ನಡ ಓದಲು ಬಾರದ ಡೆವಲಪರ್ ಎಷ್ಟೇ ಬುದ್ಧಿವಂತನಿರಲಿ, ಒತ್ತು ತಪ್ಪಿದ್ದು ಅವನ ಕಣ್ಣಿಗೆ ಬೀಳುವುದೇ ಇಲ್ಲ. ನಿಮಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ, ಅಲ್ವಾ? ಅದನ್ನು ಲಿಬ್ರೆಆಫೀಸ್‌ನ ದೋಷ ವರದಿ ಮಾಡುವ ತಾಣ ಬಗ್‌ಝಿಲ್ಲಾದಲ್ಲಿ ಬರೆಯಲು ಒಂದು ಖಾತೆ ಸಾಕು.

ಆದರೆ ಸುಮ್ನೆ "ಕನ್ನಡ ಸರಿ ಕಾಣುವುದಿಲ್ಲ" ಅಂತ ಬರೆಯಬೇಡಿ. ನಾನು ಮೊದಲ ಸಲ ಒಂದು ಕಡೆ ಹಾಗೇ ಬರೆದಿದ್ದೆ. "ಯಾವ ಫಾಂಟ್?" ಅಂತ ಒಂದೇ ಸಾಲಿನ ಉತ್ತರ ಬಂತು, ನಾಚಿಕೆ ಆಯಿತು. ಆವೃತ್ತಿ ಯಾವುದು, ಫಾಂಟ್ ಯಾವುದು, ಏನು ಟೈಪ್ ಮಾಡಿದಿರಿ, ಏನು ಬರಬೇಕಿತ್ತು, ಏನು ಬಂತು, ಜೊತೆಗೆ ಆ ಫೈಲು ಮತ್ತು ಸ್ಕ್ರೀನ್‌ಶಾಟ್. ಇದಕ್ಕೆ ಒಂದು ಗಂಟೆ ಹಿಡಿಯಬಹುದು, ಹಿಡಿಯಲಿ.

ಇನ್ನು ಗಿಟ್ ಬಂದವರೆಲ್ಲ ಉಪಕಾರ ಮಾಡುತ್ತಾರೆ ಅಂತಲೂ ಇಲ್ಲ. ಹ್ಯಾಕ್ಟೋಬರ್‌ಫೆಸ್ಟ್ ಅಂದರೆ ಅಕ್ಟೋಬರ್‌ನಲ್ಲಿ ಓಪನ್ ಸೋರ್ಸ್‌ಗೆ ಕೊಡುಗೆ ಕೊಡಲು ಕರೆಯುವ ಕಾರ್ಯಕ್ರಮ. 2020ರಲ್ಲಿ ಅದರ ಟೀ ಶರ್ಟ್ ಆಸೆಗೆ ಎಷ್ಟೋ ಜನ ಪ್ರಾಜೆಕ್ಟಿನ ಪರಿಚಯ ಇರುವ ರೀಡ್‌ಮಿ ಫೈಲಿಗೆ ಒಂದೆರಡು ಪದ ಸೇರಿಸಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಸುರಿದರು. ಪ್ರಾಜೆಕ್ಟ್ ನೋಡಿಕೊಳ್ಳುವವರು ರೋಸಿಹೋದರು. ಕೊನೆಗೆ ಒಪ್ಪಿ ಸೇರಿದ ಪ್ರಾಜೆಕ್ಟ್‌ಗಳಿಗೆ ಕಳಿಸಿದ್ದು ಮಾತ್ರ ಲೆಕ್ಕಕ್ಕೆ ಅಂತ ನಡುವೆಯೇ ನಿಯಮ ಬದಲಾಯಿತು.

ಅನುವಾದ ಮಾಡುತ್ತೀರಾದರೆ ಲಿಬ್ರೆಆಫೀಸ್‌ಗೆ ವೆಬ್ಲೇಟ್, ಫೈರ್‌ಫಾಕ್ಸ್‌ಗೆ ಪೊಂಟೂನ್ ಅನ್ನುವ ಅನುವಾದದ ಜಾಲತಾಣ ಉಂಟು.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ: ತುಳು ಲಿಪಿಯ ಯೂನಿಕೋಡ್ (ಲೋಕದ ಲಿಪಿಗಳ ಅಕ್ಷರಗಳಿಗೆ ನಂಬರ್ ಕೊಡುವ ಮಾನದಂಡ) ಅಕ್ಷರ ಬಂದರೆ ಎಷ್ಟೋ ಮೊಬೈಲಿನಲ್ಲಿ ಚೌಕ ಯಾಕೆ ಕಾಣುತ್ತದೆ? ಆ ಲಿಪಿ ತುಳು-ತಿಗಳಾರಿ ಅನ್ನುವ ಹೆಸರಲ್ಲಿ ಯೂನಿಕೋಡ್ ಸೇರಿದ್ದೇ 2024ರ ಸೆಪ್ಟೆಂಬರ್‌ನಲ್ಲಿ, 16.0 ಆವೃತ್ತಿಯಲ್ಲಿ. ಅದರಿಂದ ಪ್ರತಿ ಅಕ್ಷರಕ್ಕೆ ಒಂದು ನಂಬರ್ ಸಿಕ್ಕಿತು. ಫಾಂಟು, ಕೀಬೋರ್ಡು, ಅಕ್ಷರ ಜೋಡಣೆ ಎಲ್ಲ ಬೇರೆ ಬೇರೆ ಕೆಲಸ. ಮನೆಯಲ್ಲಿ ತಾಳೆಗರಿ ಓದಬಲ್ಲ ಅಜ್ಜ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಫಾಂಟ್ ಪರೀಕ್ಷಿಸಿ. ಯಾವ ಒತ್ತು ಎಲ್ಲಿ ಕೂರಬೇಕು ಅಂತ ಅವರು ಹೇಳಲಿ, ನೀವು ಫಾಂಟ್ ಮಾಡಿದವರಿಗೆ ಬರೆದು ಕಳಿಸಿ.